ಮುದ್ದೆಮಾಲು ಏಳು: ಒಂದು ಇಟ್ಟಿಗೆ ಕಾರು

ಇಟ್ಟಿಗೆ ಕೊಯ್ಯುವವನಿಗೆ ಇಟ್ಟಿಗೆಯ ಮನೆ ಇರುವುದಿಲ್ಲ. ಇದು ನಿಮಗೆ ಗೊತ್ತಿರಬೇಕಾದ ಸಂಗತಿ. ಗೊತ್ತಿಲ್ಲವೆಂದರೆ ಹಿರಿಯೂರಿನಲ್ಲಿ ಹೊಸದುರ್ಗದ ಬಸ್ಸು ಹತ್ತಿದವರು ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಕೂತಿದ್ದೀರಿ ಎಂದೇ ಅರ್ಥ. ಊರು ದಾಟಿ ರಸ್ತೆ ವೇದಾವತಿಯ ಕಡೆಗೆ ಬಾಗುವಲ್ಲಿ ಕೆಂಚಣ್ಣ ಮೇಸ್ತ್ರಿಯ ಇಟ್ಟಿಗೆ ಗೂಡು ಇದೆ. ಅದರ ಪಕ್ಕದಲ್ಲಿ ತೆಂಗಿನ ಗರಿ ಹೊದಿಸಿದ ಆರು ಗುಡಿಸಲು. ಹಿರಿಯೂರಿನ ಅರ್ಧ ಪೇಟೆಯ ಗೋಡೆಗಳು ಎದ್ದದ್ದು ಆ ಜಾಗದ ಮಣ್ಣಿನಿಂದ. ಆ ಆರು ಗುಡಿಸಲಿಗೆ ಮಾತ್ರ ಇವತ್ತಿಗೂ ಗೋಡೆ ಎಂದರೆ ಜೋಳದ ದಂಟಿನ ತಡಿಕೆ.

ಮೂರನೆಯ ಗುಡಿಸಲು ತಿಮ್ಮರಾಯಪ್ಪನದು. ವಯಸ್ಸು ನಲವತ್ತರ ಆಸುಪಾಸು. ಮೊಳಕೈವರೆಗೂ ಮಣ್ಣಿನ ಬಣ್ಣಕ್ಕೆ ತಿರುಗಿದ ಚರ್ಮ, ಬಾಯಲ್ಲಿ ಮಾತು ಕಡಿಮೆ. ಹೆಂಡತಿ ದುರುಗಕ್ಕ ಅವನ ಸ್ವಂತ ಅಕ್ಕನ ಮಗಳು. ಮದುವೆಗೆ ಮೊದಲು ಕರೆಯುತ್ತಿದ್ದಂತೆ ಮದುವೆಯಾದ ಮೇಲೂ ಅವನನ್ನು ‘ಮಾವ’ ಎಂದೇ ಕರೆಯುತ್ತಿದ್ದಳು. ಗೂಡಿನಲ್ಲಿ ಕೆಲಸ ಕೊಡುವುದು ಜೋಡಿಗೆ. ಅವಳು ಮಣ್ಣು ತುಳಿದು ಹದ ಮಾಡಿ ಮುದ್ದೆ ತಂದು ಹಾಕಬೇಕು, ಅವನು ಮರದ ಅಚ್ಚಿಗೆ ತುಂಬಿ ಕೊಯ್ಯಬೇಕು, ಅವಳು ಮತ್ತೆ ಒಂದೊಂದನ್ನೂ ಮಗುಚಿ ಬಿಸಿಲಿಗೆ ಒಡ್ಡಬೇಕು. ಒಬ್ಬರಿಲ್ಲದಿದ್ದರೆ ಇನ್ನೊಬ್ಬರಿಗೆ ಕೆಲಸವಿಲ್ಲ. ಮಕ್ಕಳಾಗಿರಲಿಲ್ಲ. ಹದಿನೆಂಟು ವರ್ಷ ಆ ಎರಡು ಜೀವಗಳು ಹೀಗೆ ಒಂದೇ ಅಚ್ಚಿನ ಎರಡು ಕಡೆ ಕುಕ್ಕರಗಾಲಲ್ಲಿ ಕೂತು ಬದುಕಿದವು.

ಅವರ ಬದುಕಿನಲ್ಲಿ ಬೇರೆಯವರಿಗೆ ಅರ್ಥವಾಗದ ಸಂಗತಿ ಒಂದೇ ಒಂದಿತ್ತು. ತಿಮ್ಮರಾಯಪ್ಪ ಹೆಬ್ಬೆರಳ ಉಗುರಿನಷ್ಟು ಸಣ್ಣ ಇಟ್ಟಿಗೆ ಕೊಯ್ದು, ಸುಟ್ಟು, ಅವುಗಳಲ್ಲಿ ಅಮೆರಿಕದ ಕಾರು ಕಟ್ಟುತ್ತಿದ್ದ.

ಶುರುವಾದದ್ದು ಎಪ್ಪತ್ತೊಂದರಲ್ಲಿ. ಹೆದ್ದಾರಿಯ ಟೀ ಅಂಗಡಿಯವನು ಬೋಂಡ ಕಟ್ಟಿಕೊಟ್ಟ ಹಾಳೆಯಲ್ಲಿ ಒಂದು ಬಣ್ಣದ ಚಿತ್ರ ಇತ್ತು. ಬೆಂಗಳೂರಿನಿಂದ ರದ್ದಿಯಾಗಿ ಬಂದ ಯಾವುದೋ ಪರದೇಶದ ಪತ್ರಿಕೆ. ಉದ್ದ ಮೂಗಿನ, ಮೊಂಡು ಬಾಲದ, ಎರಡೇ ಬಾಗಿಲಿನ ಕಾರು. ನಿಂತಲ್ಲೇ ಎಗರಲು ಕಾಲು ಮಡಿಸಿದ ಪ್ರಾಣಿಯ ಹಾಗೆ. ತಿಮ್ಮರಾಯಪ್ಪ ಎಣ್ಣೆ ಒರೆಸಿ ಹಾಳೆಯನ್ನು ಮಡಿಸಿಟ್ಟುಕೊಂಡ. ಮಾರನೆಯ ದಿನ ಹೋಗಿ ಆ ರದ್ದಿಯಲ್ಲಿದ್ದ ಕಾರಿನ ಹಾಳೆಗಳನ್ನೆಲ್ಲ ಕೇಳಿ ತಂದ. ಅಂಗಡಿಗೆ ಬರುವ ಡ್ರೈವರುಗಳಲ್ಲಿ ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲವನು ಪಾಪಣ್ಣ ಒಬ್ಬನೇ. ಅವನು ಹೆಸರು ಓದಿ ಹೇಳಿದ: ಚಾರ್ಜರ್, ಕಮಾರೊ, ಮಸ್ಟಾಂಗ್. ಆ ದೇಶದ ಹುಡುಗರು ಇವನ್ನು ಬೇರೆ ಯಾವುದಕ್ಕೂ ಅಲ್ಲ, ಬರೀ ಜೋರಾಗಿ ಓಡಿಸುವುದಕ್ಕೇ ಕೊಳ್ಳುತ್ತಾರೆಂದೂ ಹೇಳಿದ.

ಕರಿಜಾಲಿಯ ತುಂಡಿನಲ್ಲಿ ಹತ್ತು ಗುಳಿ ಕೊರೆದು ತಿಮ್ಮರಾಯಪ್ಪ ಸಣ್ಣ ಅಚ್ಚು ಮಾಡಿಕೊಂಡ. ಮಣ್ಣು ನೆನೆಹಾಕಿದ ಗುಂಡಿಯಲ್ಲಿ ಮೇಲೆ ತಿಳಿಯಾಗಿ ನಿಲ್ಲುವ ನುಣುಪು ಕೆಸರನ್ನು ಬಟ್ಟೆಯಲ್ಲಿ ಸೋಸಿ ತುಂಬುತ್ತಿದ್ದ. ಚಕ್ರಕ್ಕೆ ದುರುಗಕ್ಕನ ಬಳೆಯನ್ನೇ ಒತ್ತಿ ಗುಂಡಗೆ ಕತ್ತರಿಸುತ್ತಿದ್ದ. ಬಾಗು ಬೇಕಾದ ಕಡೆ ಹಸಿ ಇಟ್ಟಿಗೆಯನ್ನು ತಂತಿಯಿಂದ ಸೀಳುತ್ತಿದ್ದ. ಸುಟ್ಟ ಮೇಲೆ ಕಲ್ಲಿಗೆ ಉಜ್ಜಿ ಉಜ್ಜಿ ಒಂದಕ್ಕೊಂದು ಕೂರಿಸಿ, ಬೆಲ್ಲ ಕಲಸಿದ ತೆಳು ಸುಣ್ಣದಲ್ಲಿ ಅಂಟಿಸುತ್ತಿದ್ದ.

“ಅಲ್ಲ ಮಾವ, ಹೊತ್ತು ಮೂಡಿದಾಗಿಂದ ಇಟ್ಗೆ ಕೊಯ್ದಿದ್ದು ಸಾಲ್ದೇನು? ಉಣ್ಣೋ ಹೊತ್ನಾಗೂ ಅದನ್ನೇ ಕೊಯ್ತೀಯಲ್ಲ!” ಎಂದು ದುರುಗಕ್ಕ ರೇಗಿಸುತ್ತಿದ್ದಳು.

“ಇದು ಬ್ಯಾರೆ ಕಣೆ.”

“ಏನ್ ಬ್ಯಾರೆ? ಅದೂ ಮಣ್ಣೇ, ಇದೂ ಮಣ್ಣೇ.”

“ಅದು ಯಾರಿಗೋ ಕೊಯ್ಯೋದು.”

ರೇಗಿಸಿದರೂ ಸುಡುವ ಕೆಲಸ ಅವಳದೇ. ದೊಡ್ಡ ಇಟ್ಟಿಗೆಗಳ ಸಂದಿನಲ್ಲಿ ಸಣ್ಣವನ್ನು ಎಲ್ಲಿ ತುರುಕಬೇಕೆಂದು ಆ ಗೂಡಿನಲ್ಲಿ ಅವಳಷ್ಟು ಬಲ್ಲವರು ಇರಲಿಲ್ಲ. ಮೈಗೆ ಕೆಂಪು ಬೇಕೆಂದರೆ ಗೂಡಿನ ನಡುಮಧ್ಯ. ಚಕ್ರಕ್ಕೆ ಕಪ್ಪು ಬೇಕೆಂದರೆ ಬೆಂಕಿಬಾಯಿಯ ಪಕ್ಕ. ಅಲ್ಲಿ ಇಟ್ಟಿಗೆ ಉರಿದು ಗಾಜಿನ ಹೊಳಪು ಪಡೆಯುತ್ತದೆ. ಕಿಟಕಿಗೆ ಮಾಸಲು ಬಣ್ಣ ಬೇಕೆಂದರೆ ಹೊರಗೋಡೆಯ ಬೂದಿ ಸಾಲು. ಎಪ್ಪತ್ತೈದರ ಹೊತ್ತಿಗೆ ಆ ತಡಿಕೆಯ ಗುಡಿಸಲಿನಲ್ಲಿ, ಹಲಗೆಯೊಂದರ ಮೇಲೆ, ಕೆಂಪು ಮೈ ಕಪ್ಪು ಚಕ್ರದ ಒಂಬತ್ತು ಕಾರುಗಳು ನಿಂತಿದ್ದವು. ಎಲ್ಲವೂ ಚಿತ್ರ ನೋಡಿ ಕಟ್ಟಿದವು. ಮುಟ್ಟಿ ನೋಡಿ, ಅಳೆದು ಕಟ್ಟಿದ್ದು ಒಂದೂ ಇರಲಿಲ್ಲ.

ಇಲ್ಲಿ ಗೂಡಿನವರ ಒಂದು ರೂಢಿಯನ್ನು ಹೇಳಬೇಕು. ಮಣ್ಣು ಬೆಂದಾಗ ಕುಗ್ಗುತ್ತದೆ. ಕೆಂಚಣ್ಣನ ಗೂಡಿನ ಮಣ್ಣು ಹತ್ತಕ್ಕೆ ಒಂದರಂತೆ ಕುಗ್ಗುತ್ತಿತ್ತು. ಹತ್ತಿಂಚಿನ ಅಚ್ಚಿನಲ್ಲಿ ಕೊಯ್ದದ್ದು ಬೆಂದು ಹೊರಬಂದಾಗ ಒಂಬತ್ತಿಂಚು. ಆದರೆ ಗೂಡಿನ ಬಾಯಲ್ಲಿ ಒಂಬತ್ತು ಎಂಬ ಮಾತೇ ಇಲ್ಲ. ಯಾವ ಇಟ್ಟಿಗೆ ಎಂದು ಕೇಳಿದರೆ ಕೊಯ್ಯುವವನೂ ಹತ್ತು ಎನ್ನುತ್ತಾನೆ, ಹೊರುವವಳೂ ಹತ್ತು ಎನ್ನುತ್ತಾಳೆ, ಕೊಳ್ಳಲು ಬಂದ ಗಾರೆಯವನೂ ಹತ್ತು ಎಂದೇ ಕೇಳುತ್ತಾನೆ. ಸುಟ್ಟ ಅಳತೆ ಬೆಂಕಿಯ ಕೈಯಲ್ಲಿರುವುದು. ಮನುಷ್ಯನ ಕೈಯಲ್ಲಿರುವುದು ಹಸಿ ಅಳತೆ. ಹಾಗಾಗಿ ಆ ಜನಕ್ಕೆ ಅಳತೆ ಎಂದರೆ ಹಸಿ ಅಳತೆಯೇ. ಹುಟ್ಟಿದಾಗಿನಿಂದ ಅದನ್ನೇ ಕೇಳಿದ ಕಿವಿಗೆ ಇನ್ನೊಂದು ಇದೆ ಎಂಬುದೂ ಹೊಳೆಯುವುದಿಲ್ಲ.

ಎಪ್ಪತ್ತೈದರ ಬೇಸಿಗೆಯಲ್ಲಿ ತಿಪ್ಪೇರುದ್ರಪ್ಪ ಹೊಸದುರ್ಗದಲ್ಲಿ ಮಹಡಿ ಮನೆ ಕಟ್ಟಿಸಲು ಹೊರಟ. ಹೊಳಲ್ಕೆರೆ ಕಡೆ ಮ್ಯಾಂಗನೀಸ್ ಗಣಿ ಹಿಡಿದು ನಾಲ್ಕೇ ವರ್ಷದಲ್ಲಿ ಸಾಹುಕಾರನಾದವನು. ಅವನ ಹಿತ್ತಲಿನ ಮಣ್ಣೇ ಇಟ್ಟಿಗೆಗೆ ಒಗ್ಗುತ್ತದೆಂದು ಕೆಂಚಣ್ಣ ಅಲ್ಲೇ ಗೂಡು ಹಾಕಿಸಿ ತಿಮ್ಮರಾಯಪ್ಪ–ದುರುಗಕ್ಕರನ್ನು ಕಳಿಸಿದ. ಹೋದ ದಿನವೇ ಹಿತ್ತಲ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿದ್ದ ಅದನ್ನು ತಿಮ್ಮರಾಯಪ್ಪ ಕಂಡ. ಟಾರ್ಪಾಲಿನ ತುದಿ ಎತ್ತಿದರೆ ಮೂತಿಯ ನಡುವೆ ಬೆಳ್ಳಿಯಂತೆ ಹೊಳೆಯುವ, ಓಡುವ ಕುದುರೆ.

ಪಾಪಣ್ಣ ಈಗ ಆ ಮನೆಯ ಡ್ರೈವರಾಗಿದ್ದ. “ಅದೇ ಕಣಪ್ಪ, ನಾನು ಓದಿ ಹೇಳಿದ್ನಲ್ಲ, ಮಸ್ಟಾಂಗು,” ಎಂದ ಹೆಮ್ಮೆಯಿಂದ, ತಾನೇ ಹೆತ್ತವನ ಹಾಗೆ. “ಬೊಂಬಾಯಿ ಸೇಠ್ ಒಬ್ನ ಹೆಸ್ರಿನಾಗೈತೆ. ಓಡ್ಸೋದೆಲ್ಲ ನಮ್ ಸಾವ್ಕಾರ್ರೇ. ನನ್ ಕೈಗೆ ಕೊಡಲ್ಲ. ನಾನು ಪಕ್ಕದಾಗ್ ಕುಂತು ಹ್ಞೂಂ ಅನ್ಬೇಕು ಅಷ್ಟೆ. ಸ್ಟೇರಿಂಗ್ ಬ್ಯಾರೆ ಎಡಗಡೆ.”

“ಅಳ್ಕೊಳ್ಲಾ?”

“ಅಳ್ಕೋ. ಉಗುರು ತಾಗಿಸ್ಬ್ಯಾಡ ಮಾತ್ರ. ಗೀರು ಬಿದ್ರೆ ನನ್ ಚರ್ಮ ಸುಲೀತಾರೆ.”

ತಿಮ್ಮರಾಯಪ್ಪ ಹುರಿ ತಂದ. ಮೂತಿಯ ಹತ್ತಿರ ಅವನು, ಬಾಲದ ಹತ್ತಿರ ದುರುಗಕ್ಕ. “ಮಾವ, ಇದರ ಬಾಲ ಎಲ್ಲಿ ಮುಗೀತೈತೆ ಹೇಳಪ್ಪ, ಹಿಡ್ಕೋತೀನಿ. ನಮ್ ಗುಡಿಸ್ಲಿಗಿಂತ ಉದ್ದ ಐತಲ್ಲ!” ಎಂದು ಅವಳು ನಗುತ್ತಿರುವಾಗಲೇ ತಿಪ್ಪೇರುದ್ರಪ್ಪ ಬಂದುಬಿಟ್ಟ.

“ಏನ್ಲೇ ಪಾಪ, ಇವ್ರು ನನ್ ಕಾರಿಗೆ ಅಂಗಿ ಹೊಲಿಸ್ತಾರೇನು?”

ಪಾಪಣ್ಣ ತಡವರಿಸುತ್ತ ಎಲ್ಲ ಹೇಳಿದ. ಸಾಹುಕಾರ ಹೊಟ್ಟೆ ಕುಣಿಸಿ ನಕ್ಕ. “ಕಟ್ಟಪ್ಪ, ಕಟ್ಟು. ಚೆಂದಾಗ್ ಬಂದ್ರೆ ಹೊಸ ಮನೆ ಹಾಲ್‌ನಾಗೆ ಗಾಜಿನ ಬೀರುದಾಗ್ ಇಡ್ತೀನಿ. ಬಂದೋರಿಗೆಲ್ಲ ತೋರಿಸ್ಬೌದು.”

ಹೀಗೆ ಕಾರಿನ ಧಣಿಯ ಬಾಯಿಂದಲೇ ಅಪ್ಪಣೆಯಾಯಿತು. ಎಂಟು ದಿನ ಊಟದ ಬಿಡುವಿನಲ್ಲೆಲ್ಲ ತಿಮ್ಮರಾಯಪ್ಪ ಆ ಕಾರನ್ನು ಅಳೆದ. ಹುರಿಗೆ ಗಂಟು ಹಾಕಿಕೊಂಡ. ಗಂಟಿನಿಂದ ಬೇವಿನ ಕೋಲಿಗೆ ಅಳತೆ ಇಳಿಸಿದ: ಕಾರಿನ ಒಂದು ಅಡಿಗೆ ಕೋಲಿನಲ್ಲಿ ಒಂದಿಂಚು. ಇಳಿಸುವಾಗಲೇ ಬೆಂಕಿ ತಿನ್ನುವ ಪಾಲನ್ನೂ ಸೇರಿಸಿ ಗೀರು ಹಾಕಿದ. ಅದು ಅವನಿಗೆ ಉಸಿರಾಡಿದಷ್ಟು ಸಲೀಸು. ಯೋಚನೆ ಮಾಡಿ ಮಾಡುವ ಕೆಲಸವಲ್ಲ. ಗೀರು ಹಾಕಿ ಮುಗಿದ ಮೇಲೆ ಹುರಿಯಿಂದ ಏನೂ ಕೆಲಸವಿರಲಿಲ್ಲ. ದುರುಗಕ್ಕ ಅದನ್ನು ಸೌದೆ ಹೊರೆಗೆ ಕಟ್ಟಿದಳು. ಅದು ಸೌದೆಯ ಜೊತೆ ಒಲೆ ಸೇರಿತು.

ಹಿರಿಯೂರಿಗೆ ಮರಳಿದ ಮೇಲೆ ಕಾರು ಕಟ್ಟಲು ನಾಲ್ಕು ತಿಂಗಳು ಹಿಡಿಯಿತು. ಸಾಹುಕಾರನ ಕಾರಿನ ಎಡಗಡೆಯ ದೀಪದ ಸುತ್ತಿನ ಬಳೆಯಲ್ಲಿದ್ದ ಸಣ್ಣ ತಗ್ಗೂ ಬಂತು, ಎಡಗಡೆಯ ಸ್ಟೇರಿಂಗೂ ಬಂತು. ತೊಗರಿ ಕಾಳಿನಷ್ಟು ಇಟ್ಟಿಗೆಯಲ್ಲಿ ಸೂಜಿಯಿಂದ ಕೆತ್ತಿದ ಕುದುರೆಯೂ ಬಂತು. ಸಾಹುಕಾರನಿಗೆ ಕೊಟ್ಟುಬರಲೆಂದು ಬಟ್ಟೆಯಲ್ಲಿ ಸುತ್ತಿದಾಗ ದುರುಗಕ್ಕ ಅಡ್ಡ ನಿಂತಳು.

“ಅವ್ರ ಮನೆಗೆ ಗೂಡುಗಟ್ಲೆ ಇಟ್ಗೆ ಕೊಯ್ದ್ ಕೊಟ್ಟೀವಿ. ಇಷ್ಟು ನಮ್ಮನೆಗಿರ್ಲಿ ಬಿಡು ಮಾವ.”

ಅದು ಉಳಿಯಿತು.

ಎಪ್ಪತ್ತಾರರ ಫೆಬ್ರುವರಿ, ಒಂದು ಗುರುವಾರ, ಬೆಳಿಗ್ಗೆ ಹತ್ತರ ಸುಮಾರು. ರಸ್ತೆಯಾಚೆಯ ತೆಂಗಿನ ತೋಟದ ಬಾವಿಯಿಂದ ದುರುಗಕ್ಕ ನೀರು ಹೊತ್ತು ಬರುತ್ತಿದ್ದಳು. ತಿಮ್ಮರಾಯಪ್ಪ ಅಚ್ಚಿನ ಮುಂದೆ ಕೂತಿದ್ದ, ರಸ್ತೆಗೆ ನಲವತ್ತು ಹೆಜ್ಜೆ ದೂರ. ಮೊದಲು ಸದ್ದು ಕೇಳಿತು. ಎಂಟು ದಿನ ಹಿತ್ತಲಲ್ಲಿ ಕೇಳಿದ ಸದ್ದು. ತಲೆ ಎತ್ತುವ ಮೊದಲೇ ಯಾವ ಕಾರು ಎಂದು ಅವನಿಗೆ ಗೊತ್ತಾಗಿತ್ತು. ಹೊಸದುರ್ಗದ ಕಡೆಯಿಂದ ಬಂತು. ಬಾಗಿನಲ್ಲಿ ವೇಗ ತಗ್ಗಲಿಲ್ಲ. ದುರುಗಕ್ಕನಿಗೆ ಬಡಿದ ಮೇಲೆ ಮುಂದಿನ ಹುಣಸೆಮರದ ಹತ್ತಿರ ಒಂದು ಗಳಿಗೆ ನಿಂತಿತು. ಎಡಗಡೆಯಲ್ಲಿ, ಸ್ಟೇರಿಂಗ್ ಹಿಡಿದ ತಿಪ್ಪೇರುದ್ರಪ್ಪ ಹಿಂದಕ್ಕೆ ತಿರುಗಿ ನೋಡಿದ. ಪಕ್ಕದಲ್ಲಿ ಪಾಪಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಆಮೇಲೆ ಕಾರು ಹೋಯಿತು.

ಬಿಂದಿಗೆ ಉರುಳುತ್ತ ಉರುಳುತ್ತ ಒಣಹಾಕಿದ ಹಸಿ ಇಟ್ಟಿಗೆಗಳ ಸಾಲಿಗೆ ತಾಗಿ ನಿಂತಿತು. ತಿಮ್ಮರಾಯಪ್ಪ ಓಡಿ ಹೋಗಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಾಗ ಅವನ ಕೈಯ ಕೆಸರು ಇನ್ನೂ ಆರಿರಲಿಲ್ಲ. ಅವಳ ಉಸಿರು ಆಗಲೇ ನಿಂತಿತ್ತು. ಆಸ್ಪತ್ರೆಗೆ ಒಯ್ಯುವ ಅಗತ್ಯವೂ ಬೀಳಲಿಲ್ಲ.

ಗೂಡಿನಲ್ಲಿ ಆ ಹೊತ್ತು ಹನ್ನೊಂದು ಜನ ಇದ್ದರು. ಪೊಲೀಸರು ಬರುವ ಹೊತ್ತಿಗೆ ಹನ್ನೊಂದು ಜನರೂ ರಸ್ತೆಗೆ ಬೆನ್ನು ಮಾಡಿ ಕೂತಿದ್ದವರೇ ಆಗಿದ್ದರು. “ನಾನು ಗೂಡಿನ ಮ್ಯಾಲಿದ್ದೆ. ಹೊಗೆ ಸ್ವಾಮಿ, ಏನೂ ಕಾಣ್ಲಿಲ್ಲ,” ಎಂದ ಕೆಂಚಣ್ಣ. ಅವತ್ತು ಗೂಡಿಗೆ ಬೆಂಕಿಯೇ ಹಾಕಿರಲಿಲ್ಲ. ಕೆಂಚಣ್ಣನನ್ನು ಬೈಯಲು ನಿಮಗೆ ಅವಸರ ಬೇಡ. ಅದು ತುರ್ತು ಪರಿಸ್ಥಿತಿಯ ಕಾಲ. ಆಗ ನೀವು ಏನೇನು ನೋಡಿ ಏನೇನು ಹೇಳಿದ್ದಿರಿ ಎಂಬುದನ್ನು ಒಮ್ಮೆ ನೆನಪು ಮಾಡಿಕೊಂಡು ಆಮೇಲೆ ಬೈಯಿರಿ.

ತಿಪ್ಪೇರುದ್ರಪ್ಪ ಹೇಳಿದ್ದು ಸರಳವಾಗಿತ್ತು: ಅಂಥ ಕಾರು ತನ್ನದಲ್ಲ, ತನ್ನ ಮನೆಗೆ ಯಾವತ್ತೂ ಬಂದಿಲ್ಲ. ತನಗಿರುವುದು ಒಂದು ಅಂಬಾಸಡರ್. ಶೆಡ್ಡಿನಲ್ಲಿ ಈಗ ಹುಲ್ಲು ತುಂಬಿತ್ತು. ಆರು ತಿಂಗಳ ಮೇಲೆ ಕುದುರೆಯ ಕಾರು ಬೊಂಬಾಯಿಯ ಒಂದು ಗ್ಯಾರೇಜಿನಲ್ಲಿ ಸಿಕ್ಕಿತು. ಹೊಸ ಬಣ್ಣ, ಹೊಸ ದೀಪ, ಹೊಸ ಮೂತಿ. ಪೊಲೀಸರು ಉದ್ದ ಅಗಲ ಅಳೆದು ಪಂಚನಾಮೆ ಬರೆದುಕೊಂಡು ಬಂದರು. ಈ ಕಾರು ಬೊಂಬಾಯಿ ಬಿಟ್ಟು ಎಲ್ಲೂ ಹೋಗಿಲ್ಲ ಎಂದು ಅಲ್ಲಿನ ಸೇಠ್ ಬರೆದುಕೊಟ್ಟ.

ಒಂದು ಮಧ್ಯಾಹ್ನ ಪಾಪಣ್ಣ ಗುಡಿಸಲಿಗೆ ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲೇ ಕುಕ್ಕರಿಸಿದ.

“ನೀನು ಪಕ್ಕದಾಗ್ ಕುಂತಿದ್ದಲ್ಲೋ ಪಾಪಣ್ಣ,” ಎಂದ ತಿಮ್ಮರಾಯಪ್ಪ.

“ಕುಂತಿದ್ದೆ. ಕೋರ್ಟಾಗ್ ಕುಂತಿರ್ಲಿಲ್ಲ ಅಂತೀನಿ. ಮೂರು ಹೆಣ್ಮಕ್ಳು ಅವೆ ಕಣಪ್ಪ ನನಗೆ. ಅವ್ರ ಜಾಗದಾಗೇ ಮನೆ ಐತೆ.” ನೆಲದ ಮಣ್ಣು ಕೆರೆಯುತ್ತ ಹೇಳಿದ: “ಬೈಯಪ್ಪ. ಬೈದ್ಬಿಡು. ಬೈಸ್ಕೊಂಡ್ ಹೋಗಾಣ ಅಂತ ಬಂದೆ.”

ತಿಮ್ಮರಾಯಪ್ಪ ಬೈಯಲಿಲ್ಲ. ಬೈದರೆ ಪಾಪಣ್ಣನಿಗೆ ಹಗುರಾಗುತ್ತದೆ ಎಂದು ಗೊತ್ತಿತ್ತು.

ಕೇಸು ಹೆಚ್ಚುಕಡಿಮೆ ಮುಗಿದೇಹೋಗುತ್ತಿತ್ತು. ಅಷ್ಟರಲ್ಲಿ ಹೊಸದಾಗಿ ಬಂದ ಇನ್‌ಸ್ಪೆಕ್ಟರೊಬ್ಬರು ಕಾಗದ ತಿರುವಿ ಹಾಕಿ, ಗುಡಿಸಲಿಗೆ ಬಂದು, ಹಲಗೆಯ ಮೇಲಿನ ಇಟ್ಟಿಗೆ ಮಸ್ಟಾಂಗನ್ನು ಕಂಡರು. ಕೂತು, ಕಣ್ಣನ್ನು ಅದರ ಮಟ್ಟಕ್ಕೆ ತಂದು, ಬಹಳ ಹೊತ್ತು ನೋಡಿದರು.

“ಇದನ್ನ ಯಾವಾಗ ಕಟ್ಟಿದ್ದು?”

“ಅವ್ಳು ಇದ್ದಾಗ ಸ್ವಾಮಿ.”

“ಕಾರು ಹೊಸದುರ್ಗಕ್ಕೆ ಬಂದೇ ಇಲ್ಲ ಅಂತಾರಲ್ಲಪ್ಪ ಅವರು. ಬರದೇ ಇರೋ ಕಾರಿನ ಅಳತೆ ನಿನಗೆ ಹೆಂಗೆ ಸಿಗುತ್ತೆ?” ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಅದನ್ನು ಮರದ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ ಇಡಿಸಿದರು, ಅರಗಿನ ಮೊಹರು ಒತ್ತಿಸಿದರು. ಮುದ್ದೆಮಾಲು ನಂಬರು ಏಳು. ಅಂದರೆ ಕೋರ್ಟಿಗೆ ಸೇರಿದ ಸಾಕ್ಷಿಯ ಸಾಮಾನು. ಆರು ತಿಂಗಳಾಗುವ ಮೊದಲೇ ಆ ಇನ್‌ಸ್ಪೆಕ್ಟರಿಗೆ ದೂರದ ಊರಿಗೆ ವರ್ಗವಾಯಿತು.

ಎಪ್ಪತ್ತೆಂಟರ ಆಗಸ್ಟಿನಲ್ಲಿ ಜಿಲ್ಲಾ ಕೇಂದ್ರವಾದ ದುರ್ಗದ ಒಂದು ಕೋರ್ಟಿನಲ್ಲಿ ವಿಚಾರಣೆ. ಹೊರಗಿನ ಬೆಂಚಿನಲ್ಲಿ ಸರ್ಕಾರಿ ವಕೀಲರು ಬೀಡದ ಎಲೆಗೆ ಸುಣ್ಣ ಸವರುತ್ತ ತಿಮ್ಮರಾಯಪ್ಪನಿಗೆ ಪಾಠ ಹೇಳಿದರು. “ನೋಡಪ್ಪ, ಕೇಸೆಲ್ಲ ಒಂದರ ಮೇಲೆ ನಿಂತಿದೆ. ಪಂಚನಾಮೆಯಲ್ಲಿ ಅಳತೆ ಇದೆ. ನೀನು ಹೇಳೋ ಅಳತೆ ಅದಕ್ಕೆ ಕೂಡಿದರೆ ಕಾರು ಅವನ ಹಿತ್ತಲಲ್ಲಿ ಇತ್ತು ಅಂತಾಯಿತು. ನೀನು ಕಂಡದ್ದೆಲ್ಲ ಆಗ ನಿಜವಾಗುತ್ತೆ. ಅಳತೆ ಗೊತ್ತಲ್ಲ?”

“ಕೋಲೈತೆ ಸ್ವಾಮಿ,” ಎಂದು ತಿಮ್ಮರಾಯಪ್ಪ ಪಂಚೆಯ ಮಡಿಕೆಯಿಂದ ಬೇವಿನ ಕೋಲು ತೆಗೆದು ತೋರಿಸಿದ.

“ಸರಿ ಸರಿ. ಇಟ್ಕೋ,” ಎಂದರು ಅವರು. ಕೋಲನ್ನು ನೋಡಲಿಲ್ಲ. ಎರಡು ನಿಮಿಷ ಅದನ್ನು ಕೈಗೆ ತೆಗೆದುಕೊಂಡು, ಇದೇನಪ್ಪ ಎಂದು ಕೇಳಿದ್ದರೆ ಸಾಕಿತ್ತು. ಎಲೆ ಮಡಿಸಿ ಬಾಯಿಗಿಟ್ಟುಕೊಂಡರು.

ಪಾಪಣ್ಣ ಹೇಳಿದಂತೆಯೇ ಹೇಳಿದ; ಅವತ್ತು ತಾನು ಹೊಳಲ್ಕೆರೆ ಗಣಿಯಲ್ಲಿದ್ದೆ ಎಂದ. ಆಮೇಲೆ ತಿಮ್ಮರಾಯಪ್ಪ ಕಟಕಟೆ ಹತ್ತಿದ. ತಾನು ಕಂಡದ್ದನ್ನು ಕಂಡ ಹಾಗೆ ಹೇಳಿದ, ತಪ್ಪಿಲ್ಲದೆ. ಪೆಟ್ಟಿಗೆಯಿಂದ ಇಟ್ಟಿಗೆ ಕಾರನ್ನು ತೆಗೆದು ಮೇಜಿನ ಮೇಲಿಟ್ಟಾಗ ಕೋರ್ಟಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಮ್ಯಾಜಿಸ್ಟ್ರೇಟರೂ ಕನ್ನಡಕ ಸರಿಮಾಡಿಕೊಂಡು ಬಾಗಿದರು. ಆ ಗಳಿಗೆ, ಅದೊಂದೇ ಗಳಿಗೆ, ತಿಪ್ಪೇರುದ್ರಪ್ಪನ ಮುಖದ ರಕ್ತ ಇಳಿದದ್ದನ್ನು ನೋಡಿದವರಿದ್ದಾರೆ.

ಅವನ ವಕೀಲ ಎದ್ದ. ಮಾತು ಬಲು ಮೆತ್ತಗೆ.

“ಬಹಳ ಚೆನ್ನಾಗಿ ಮಾಡಿದ್ದೀಯಪ್ಪ. ಈ ಕಾರನ್ನ ನೀನೇ ಅಳೆದೆಯಾ?”

“ನಾನೇ ಸ್ವಾಮಿ. ನಾನು, ನನ್ ಹೆಂಡ್ತಿ.”

“ಅಳತೆ ಎಲ್ಲಿ ಬರೆದಿಟ್ಟಿದ್ದೀಯ?”

“ಈ ಕೋಲ್ನಾಗೆ. ಅಡಿಗೆ ಒಂದಿಂಚು.”

“ಸಂತೋಷ. ಹಾಗಾದರೆ ಕೋಲು ನೋಡಿಯೇ ಹೇಳು. ಅಗಲ ಎಷ್ಟು?”

ತಿಮ್ಮರಾಯಪ್ಪ ಗೀರಿನ ಮೇಲೆ ಹೆಬ್ಬೆರಳಿಟ್ಟು ಓದಿದ. “ಆರಡಿ ಮೂರಿಂಚು. ಅದರ ಮ್ಯಾಲೆ ಒಂದ್ ಕೂದ್ಲೆಳೆ.”

“ಉದ್ದ?”

“ಹದಿನಾರಡಿ ಹತ್ತಿಂಚು.”

“ಸಂಶಯ ಇಲ್ಲವಷ್ಟೆ?”

“ಸಂಶಯ ಎಂಥದ್ದು ಸ್ವಾಮಿ? ಅಳತೆ ಅಂದ್ರೆ ಅಳತೆ.”

ವಕೀಲ ಪಂಚನಾಮೆಯ ಹಾಳೆಯನ್ನು ಎರಡೇ ಬೆರಳಲ್ಲಿ ಎತ್ತಿಹಿಡಿದ. ಅಗಲ ಐದಡಿ ಎಂಟಿಂಚು. ಉದ್ದ ಹದಿನೈದಡಿ ಒಂದೂವರೆ ಇಂಚು. “ಅಗಲದಲ್ಲಿ ಅರ್ಧ ಅಡಿ ಮೀರಿ ಜಾಸ್ತಿ, ಉದ್ದದಲ್ಲಿ ಹೆಚ್ಚುಕಡಿಮೆ ಒಂದೂಮುಕ್ಕಾಲು ಅಡಿ ಜಾಸ್ತಿ. ಈತ ಅಳೆದದ್ದು ಲಾರಿ ಇರಬೇಕು ಸ್ವಾಮಿ,” ಎಂದ. ಕೋರ್ಟು ನಕ್ಕಿತು. ಸರ್ಕಾರಿ ವಕೀಲರು ಕಾಗದ ಜೋಡಿಸತೊಡಗಿದರು. ಕಟಕಟೆ ಹಿಡಿದು ನಿಂತ ತಿಮ್ಮರಾಯಪ್ಪನಿಗೆ ಏನಾಯಿತೆಂದೇ ತಿಳಿಯಲಿಲ್ಲ. ಕೋಲನ್ನು ಮತ್ತೆ ಮತ್ತೆ ನೋಡಿದ. ಗೀರು ಹಾಗೇ ಇತ್ತು. ಅವನು ಹೇಳಿದ್ದು ಗೂಡಿನ ಯಾವನನ್ನು ಎಬ್ಬಿಸಿ ಕೇಳಿದರೂ ಹೇಳುವ ಅಳತೆ.

ಎರಡು ಅಳತೆಯೂ ಸರಿಯಾಗಿ ಒಂದೇ ಪ್ರಮಾಣದಲ್ಲಿ ಜಾಸ್ತಿಯಾಗಿವೆ ಎಂಬುದು ಆ ಕೋಣೆಯಲ್ಲಿ ಬಿ.ಎಲ್. ಓದಿದ ನಾಲ್ವರ ತಲೆಗೆ ಹೋಗಲಿಲ್ಲ. ಸುಳ್ಳು ಹೇಳುವವನು ಅಗಲಕ್ಕೂ ಉದ್ದಕ್ಕೂ ಹತ್ತರಲ್ಲಿ ಒಂದನ್ನೇ ಹಿಡಿದು ಸುಳ್ಳು ಹೇಳುವುದಿಲ್ಲ. ಅದೂ ಹೋಗಲಿ. ಗುಮಾಸ್ತರ ಮೇಜಿನ ಮೇಲೆ ಗೆರೆ ಎಳೆಯುವ ಅಡಿಪಟ್ಟಿ ಇತ್ತು. ಅದರಿಂದ ಒಂದು ಗೇಣು ದೂರದಲ್ಲಿ ಇಟ್ಟಿಗೆ ಕಾರು ಇತ್ತು. ಬೆಂದು, ಕುಗ್ಗಿ, ನಿಜವಾದ ಅಳತೆಗೆ ಇಳಿದು ನಿಂತ ಕಾರು. ಅಗಲ ಐದಿಂಚು, ಮೇಲೆ ಮೂರರಲ್ಲಿ ಎರಡು ಪಾಲು. ಅಂದರೆ ಐದಡಿ ಎಂಟಿಂಚು. ಉದ್ದ ಹದಿನೈದಿಂಚು, ಮೇಲೆ ಎಂಟರಲ್ಲಿ ಒಂದು ಪಾಲು. ಅಂದರೆ ಹದಿನೈದಡಿ ಒಂದೂವರೆ ಇಂಚು. ಪಂಚನಾಮೆಯಲ್ಲಿ ಬರೆದಿದ್ದ ಪ್ರತಿಯೊಂದು ಅಂಕಿಯೂ ಅದರ ಮೈಮೇಲಿತ್ತು. ಅಡಿಪಟ್ಟಿಯನ್ನು ಯಾರೂ ಎತ್ತಲಿಲ್ಲ. ಕೂಲಿಯವನು ಬಾಯಿಬಿಟ್ಟು ಹೇಳಿದ್ದು ತಪ್ಪಾದ ಮೇಲೆ ಅವನು ಕೈಯಿಂದ ಮಾಡಿದ್ದನ್ನು ನೋಡುವ ರೂಢಿ ನಮ್ಮಲ್ಲಿಲ್ಲ.

ತಿಮ್ಮರಾಯಪ್ಪ ಹೊರಗೆ ಬಂದ. ಕಾಂಪೌಂಡಿನ ಪಕ್ಕ ಯಾರೋ ಮನೆ ಕಟ್ಟಿಸಲು ಇಟ್ಟಿಗೆ ಒಟ್ಟಿದ್ದರು. ಕೂರಲು ಜಾಗ ಕಂಡು ಅದರ ಮೇಲೆ ಕೂತ. ಕೈ ತನ್ನಷ್ಟಕ್ಕೆ ಒಂದು ಇಟ್ಟಿಗೆಯನ್ನು ಹಿಡಿಯಿತು, ಬೆರಳು ತಮ್ಮಷ್ಟಕ್ಕೆ ಅದರ ಉದ್ದ ಹಿಡಿದವು. ಹತ್ತಿಂಚಿನ ಇಟ್ಟಿಗೆ. ಒಂಬತ್ತಿಂಚು ಇತ್ತು.

ಆಗ ಹೊಳೆಯಿತು.

ಅವನು ಓಡಿದ್ದನ್ನು ಗೇಟಿನ ಟೀ ಅಂಗಡಿಯ ಏಕನಾಥಮ್ಮ ನೋಡಿದ್ದಾಳೆ. “ನಾಯಿ ಕಚ್ಚಿದೋರಂಗೆ ಓಡಿದ್ನಪ್ಪ, ಇಟ್ಗೆ ಕೈಯಾಗ್ ಹಿಡ್ಕೊಂಡು. ಯಾರಿಗೋ ಹೊಡೆಯಕ್ಕೆ ಹೋಗ್ತಾವ್ನೆ ಅಂದ್ಕಂಡೆ,” ಎನ್ನುತ್ತಾಳೆ. ಬಾಗಿಲಲ್ಲಿದ್ದ ಪೇದೆಯೂ ಹಾಗೇ ಅಂದುಕೊಂಡ. ಇಟ್ಟಿಗೆ ಕಿತ್ತುಕೊಂಡು ಹೊರಗೆ ದಬ್ಬಿದ. ಸರ್ಕಾರಿ ವಕೀಲರು ಸಿಕ್ಕಿದ್ದು ಅವರು ಜಟಕಾ ಹತ್ತುವಾಗ.

“ಹಸಿ ಅಳತೆ ಹೇಳ್ಬಿಟ್ಟೆ ಸ್ವಾಮಿ! ಸುಟ್ಟಿದ್ದು ಹೇಳ್ಬೇಕಿತ್ತು. ಕಾರು ಅಲ್ಲೇ ಐತೆ, ಒಂದ್ಸಲ ಅಳೀರಿ ಸ್ವಾಮಿ, ಒಂದೇ ಒಂದ್ಸಲ—”

“ಸಾಕ್ಷಿ ಮುಗೀತಲ್ಲಪ್ಪ. ಆಗಲೇ ಹೇಳಬೇಕಿತ್ತು.”

“ಆಗ ಗೊತ್ತಾಗ್ಲಿಲ್ಲ ಸ್ವಾಮಿ.”

“ಅದಕ್ಕೆ ನಾನೇನು ಮಾಡಲಿ?” ಎಂದರು ಅವರು. ಮಾಡಬಹುದಾದದ್ದು ಇತ್ತು. ಸಾಕ್ಷಿಯನ್ನು ಮತ್ತೆ ಕರೆಸಿ ಎಂದು ಒಂದು ಅರ್ಜಿ ಬರೆಯಬಹುದಿತ್ತು. ಬರೆಯಲಿಲ್ಲ.

ಅಕ್ಟೋಬರಿನಲ್ಲಿ ತೀರ್ಪು ಬಂತು. ಸದರಿ ಸಾಕ್ಷಿಯು ಸದರಿ ಕಾರನ್ನು ಎಂದೂ ಅಳೆದಿಲ್ಲವೆಂಬುದು ಅವನ ಮಾತಿನಿಂದಲೇ ಸ್ಪಷ್ಟವಾಗಿರುವುದರಿಂದ ಅವನ ಉಳಿದ ಮಾತನ್ನೂ ನಂಬಲಾಗದು. ಆರೋಪಿ ಬಿಡುಗಡೆ. ದುರುಗಕ್ಕನನ್ನು ಕೊಂದವರು ಯಾರು ಎಂಬುದರ ಬಗ್ಗೆ ಆ ಹನ್ನೆರಡು ಪುಟದಲ್ಲಿ ಒಂದು ಸಾಲೂ ಇಲ್ಲ. ಹೊಸದುರ್ಗದ ಮಹಡಿ ಮನೆಯಲ್ಲಿ ಅವತ್ತು ಪಟಾಕಿ ಹಚ್ಚಿದರು. ಆ ಗೋಡೆಗಳ ಒಂದೊಂದು ಇಟ್ಟಿಗೆಯನ್ನೂ ಮಗುಚಿ ಒಣಗಿಸಿದ ಕೈ ಯಾವುದೆಂದು ಪಟಾಕಿ ಹಚ್ಚಿದವರಿಗೂ ಗೊತ್ತಿತ್ತು.

ತಿಮ್ಮರಾಯಪ್ಪನಿಗೆ ಈಗ ಕೊಯ್ಯುವ ಕೆಲಸವಿಲ್ಲ, ಜೋಡಿ ಇಲ್ಲ. ಕೆಂಚಣ್ಣ ಅವನನ್ನು ಸುಟ್ಟ ಇಟ್ಟಿಗೆ ಲಾರಿಗೆ ಹೇರಲು ಹಾಕಿದ್ದಾನೆ. ಹಲಗೆಯ ಮೇಲಿನ ಒಂಬತ್ತು ಕಾರುಗಳನ್ನು ಅವನು ತೀರ್ಪಿನ ಮಾರನೆಯ ದಿನ ಒಂದೊಂದಾಗಿ ಒಡೆದು ಮಣ್ಣು ನೆನೆಯುವ ಗುಂಡಿಗೆ ಹಾಕಿದ. ಸುಟ್ಟ ಮಣ್ಣು ಮತ್ತೆ ನೆನೆಯುವುದಿಲ್ಲ ಎಂದು ಅವನಿಗೆ ಗೊತ್ತಿಲ್ಲದೆ ಅಲ್ಲ. ಬೇವಿನ ಕೋಲನ್ನು ಏನು ಮಾಡಿದ ಎಂದು ಹೇಳುವುದಿಲ್ಲ. ಕೇಳಿದರೆ ಒಂದೇ ಮಾತು: “ನಾನೇ ಬಿಡಿಸ್ದೆ ಅವನನ್ನ. ನನ್ ಬಾಯಾಗೇ ಬಿಡಿಸ್ದೆ.”

ಹತ್ತನೆಯ ಕಾರು ಕೋರ್ಟಿನ ಮುದ್ದೆಮಾಲು ಕೋಣೆಯಲ್ಲಿದೆ. ಅರ್ಜಿ ಹಾಕಿದರೆ ವಾಪಸ್ ಕೊಡುತ್ತಾರೆ ಎಂದು ಗುಮಾಸ್ತರೇ ಹೇಳಿಕಳಿಸಿದ್ದರು. ತಿಮ್ಮರಾಯಪ್ಪ ಒಪ್ಪಲಿಲ್ಲ.

“ಮನೆಗೆ ತಂದ್ರೆ ಅದು ಆಟದ ಸಾಮಾನು. ಅಲ್ಲಿದ್ರೆ ಇನ್ನೂ ಸಾಕ್ಷಿ. ಯಾರಾದ್ರೂ ಒಬ್ರು ಅಳೀಬೌದು.”

ಇದು ಎಪ್ಪತ್ತೆಂಟರ ನವೆಂಬರು. ಸರ್ಕಾರ ಮೇಲ್ಮನವಿ ಹೋಗಲು ಜನವರಿಯವರೆಗೆ ಅವಕಾಶವಿದೆ. ಹೋಗುವುದಕ್ಕೆ ಆಧಾರವೇ ಇಲ್ಲ ಎಂದು ಸರ್ಕಾರಿ ವಕೀಲರು ಬರೆದಿದ್ದಾರೆ. ಜನವರಿ ಕಳೆದರೆ ಯಾರೂ ಕೇಳದ ಮುದ್ದೆಮಾಲನ್ನು ವಿಲೇವಾರಿ ಮಾಡುತ್ತಾರೆ. ಇಟ್ಟಿಗೆಯ ವಿಲೇವಾರಿ ಎಂದರೆ ಸುತ್ತಿಗೆ.

ಅಯ್ಯೋ ಪಾಪ ಎಂದು ಈ ಹಾಳೆ ಮಡಿಸಿಡಬೇಡಿ. ಆ ಮನುಷ್ಯನಿಗೆ ನಿಮ್ಮ ಪಾಪ ಬೇಡ. ನಿಮ್ಮಲ್ಲಿ ದಿನಾ ಕಚೇರಿ ಕೆಲಸಕ್ಕೆ ದುರ್ಗಕ್ಕೆ ಬರುವವರಿದ್ದೀರಿ, ವಕಾಲತ್ತು ಮಾಡುವವರಿದ್ದೀರಿ, ಶಾಲೆಯಲ್ಲಿ ಗಣಿತ ಕಲಿಸುವವರಿದ್ದೀರಿ. ಮುದ್ದೆಮಾಲು ನಂಬರು ಏಳನ್ನು ತೋರಿಸಿ ಎಂದು ಅರ್ಜಿ ಬರೆಯಿರಿ. ಹೋಗುವಾಗ ಒಂದು ಅಡಿಪಟ್ಟಿ ಜೇಬಿನಲ್ಲಿಟ್ಟುಕೊಳ್ಳಿ. ಅಗಲ ಅಳೆಯಿರಿ, ಉದ್ದ ಅಳೆಯಿರಿ. ಬಂದ ಅಂಕಿಯನ್ನು ಕಾಗದದ ಮೇಲೆ ಬರೆದು, ಕೆಳಗೆ ನಿಮ್ಮ ಹೆಸರು ಹಾಕಿ, ರುಜು ಮಾಡಿ, ಮೇಲ್ಮನವಿಗೆ ಇದೇ ಆಧಾರ ಎಂದು ಜಿಲ್ಲಾಧಿಕಾರಿಗೆ ಕಳಿಸಿ. ಜನವರಿಗೆ ಮೊದಲು ಕಳಿಸಿ.